ಪುಕ್ಕಟೆ ಪೇಪರಿಗೆ ಕಾಸು ಕೊಡೋರು ಯಾರು?

ಪಿರಿಯಾಪಟ್ಟಣ ದಾಟಿ ಕುಶಾಲನಗರದ ಕಡೆ ಓಡುವ ಬಸ್ಸು ಬೈಲಕುಪ್ಪೆಯಲ್ಲಿ ನಿಂತರೆ ಇಳಿಯುವವರು ಮೂರು ಥರದವರು. ಗೊಬ್ಬರದ ಚೀಲ, ಸಂತೆ ಸಾಮಾನು ಹಿಡಿದ ಹಳ್ಳಿಯವರು. ಕೆಂಪು ನಿಲುವಂಗಿಯ ಲಾಮಾಗಳು. ಕೊರಳಿಗೆ ಕ್ಯಾಮರಾ ತಗುಲಿಸಿಕೊಂಡು 'ಗೋಲ್ಡನ್ ಟೆಂಪಲ್ ಎಲ್ಲಿ' ಅಂತ ಕೇಳುವ ಪ್ರವಾಸಿಗಳು. ಮೂವರೂ ಅದೇ ರಸ್ತೆಯಲ್ಲಿ ನಡೆಯುತ್ತಾರೆ, ಅದೇ ಅಂಗಡಿಯಲ್ಲಿ ಟೀ ಕುಡಿಯುತ್ತಾರೆ. ಆದರೆ ಮೂವರೂ ಕೂಡಿ ಓದುವಂಥ ಒಂದು ಪೇಪರು ತೋರಿಸಿ ಅಂದರೆ ಟೀ ಅಂಗಡಿಯವರು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹೊಗೆಸೊಪ್ಪಿನ ರೈತನಿಗೆ ಹರಾಜಿನ ರೇಟು ಬೇಕು. ಕ್ಯಾಂಪಿನ ಹಿರಿಯರಿಗೆ ಧರ್ಮಶಾಲೆಯ ಸುದ್ದಿ, ಅದೂ ತಮ್ಮ ಲಿಪಿಯಲ್ಲಿ ಬೇಕು. ಪ್ರವಾಸಿಗೆ ಊಟ ಎಲ್ಲಿ ಚೆನ್ನಾಗಿದೆ ಅಂತ ಗೊತ್ತಾದರೆ ಸಾಕು. ಇಂಥ ಊರಿಗೆ ವಾರಕ್ಕೊಂದು ಪುಕ್ಕಟೆ ಪತ್ರಿಕೆ ತಂದರೆ ಹೇಗೆ? ಎರಡು ಭಾಷೆ, ನಾಲ್ಕು ಪುಟ, ಮನೆಮನೆಗೆ, ಮಠಮಠಕ್ಕೆ. ಕೇಳಲು ಚೆಂದ. ಕಾಸು ಕೊಡೋರು ಯಾರು ಅನ್ನೋದೇ ಪ್ರಶ್ನೆ. ಈ ಪ್ರಶ್ನೆಗೆ ನೂರು ವರ್ಷದ ಚರಿತ್ರೆ ಇದೆ. ಅದರ ಒಂದು ದೊಡ್ಡ ಅಧ್ಯಾಯ ಬೈಲಕುಪ್ಪೆಯ ಹಿರಿಯರ ಜನಾಂಗಕ್ಕೇ ಸೇರಿದ್ದು.

ಟೀ ಅಂಗಡಿ ಪದ್ಧತಿ

ನಮ್ಮ ಕಡೆ ಪುಕ್ಕಟೆ ಪೇಪರು ಹೊಸದೇನಲ್ಲ. ಹೋಟೆಲಿನ ಪೇಪರು, ಕ್ಷೌರದ ಅಂಗಡಿಯ ಪೇಪರು ಪುಕ್ಕಟೆಯೇ. ಮುಖಪುಟ ಒಬ್ಬನ ಕೈಲಿ, ಕ್ರೀಡಾ ಪುಟ ಇನ್ನೊಬ್ಬನ ಕೈಲಿ, ನಡುವಿನ ಪುಟ ಬೋಂಡಾದ ತಟ್ಟೆಯಡಿ. ಒಂದು ಪ್ರತಿಗೆ ಹದಿನೈದು ಓದುಗರು. ಕಾಸು ಹೋಟೆಲ್ ಯಜಮಾನನದು. ಅವನಿಗೂ ಪೂರಾ ನಷ್ಟವಿಲ್ಲ. ಪೇಪರಿಗೆ ಬಂದವರು ಟೀ ಹೇಳುತ್ತಾರೆ, ತಿಂಗಳ ಕೊನೆಗೆ ರದ್ದಿ ತೂಗಿ ಒಂದಿಷ್ಟು ಬರುತ್ತದೆ. ಆದರೆ ಈ ವ್ಯವಸ್ಥೆಯಲ್ಲಿ ಪೇಪರಿಗೆ ಒಬ್ಬನಾದರೂ ಕೊಳ್ಳುವವನಿದ್ದಾನೆ. ನಾಳೆ ಪೇಪರು ಕೆಟ್ಟರೆ 'ಇದು ಬೇಡ, ಬೇರೇದು ಹಾಕು' ಅಂತ ಹುಡುಗನಿಗೆ ಹೇಳುವ ಹಕ್ಕು ಅವನಿಗಿದೆ.

ನಿಜವಾದ ಪುಕ್ಕಟೆ ವಾರಪತ್ರಿಕೆ ಬೇರೆಯೇ ಜಾತಿ. ಅಲ್ಲಿ ಓದುಗ ಕೊಳ್ಳುವುದೂ ಇಲ್ಲ, ಬೇಡ ಅನ್ನುವುದೂ ಇಲ್ಲ. ಬಾಗಿಲಿಗೆ ಬಂದು ಬೀಳುತ್ತದೆ, ಅಷ್ಟೆ. ದೂರ ಹೋಗಬೇಕಿಲ್ಲ, ಚೆನ್ನೈಯಲ್ಲಿ 1994ರಲ್ಲಿ ಶುರುವಾದ 'ಮೈಲಾಪುರ್ ಟೈಮ್ಸ್' ಇಂಥದು. ಪತ್ರಕರ್ತ ವಿನ್ಸೆಂಟ್ ಡಿಸೋಜ ಅವರ ಕೂಸು. ಒಂದೇ ಬಡಾವಣೆಯ ರಥಬೀದಿ, ಕಚೇರಿ ಸಭಾ, ಚರಂಡಿ, ತರಕಾರಿ ಮಾರುಕಟ್ಟೆ, ಇಷ್ಟೇ ಅದರ ಪ್ರಪಂಚ. ಖರ್ಚು ತೆರುವವರು ಅದೇ ಬಡಾವಣೆಯ ಸೀರೆ ಅಂಗಡಿಯವರು, ಟ್ಯೂಷನ್ ಮೇಷ್ಟ್ರುಗಳು. ಅಂಗಡಿ ಒತ್ತೊತ್ತಾಗಿರುವ, ಕೊಳ್ಳುವ ಶಕ್ತಿಯಿರುವ ಬಡಾವಣೆಗೆ ಈ ಲೆಕ್ಕ ಕೂಡುತ್ತದೆ.

ಐದು ಸೆಂಟಿನಿಂದ ಸೊನ್ನೆಗೆ

ಈ ಜಾತಿಯಲ್ಲಿ ಜಗತ್ತಿಗೇ ಹೆಸರಾದದ್ದು ನ್ಯೂಯಾರ್ಕಿನ 'ವಿಲೇಜ್ ವಾಯ್ಸ್'. 1955ರ ಅಕ್ಟೋಬರ್ 26ರಂದು ಗ್ರೀನಿಚ್ ವಿಲೇಜ್ ಅನ್ನೋ ಬಡಾವಣೆಯಲ್ಲಿ ಹುಟ್ಟಿತು. ಡ್ಯಾನ್ ವುಲ್ಫ್, ಎಡ್ ಫ್ಯಾಂಚರ್, ಜತೆಗೆ ಕಾದಂಬರಿಕಾರ ನಾರ್ಮನ್ ಮೈಲರ್ ಸೇರಿ ತೆಗೆದ ಪೇಪರು. ಬೆಲೆ ಐದು ಸೆಂಟು. ಊರ ಪೇಪರು ಅಂತ ಶುರುವಾದದ್ದು ದೊಡ್ಡವರ ಹುಳುಕು ತೆಗೆದು ತೆಗೆದು ಮೂರು ಸಲ ಪುಲಿಟ್ಜರ್ ಬಹುಮಾನ ಹೊಡೆಯಿತು.

ಅದರ ಹೊಟ್ಟೆ ತುಂಬಿಸುತ್ತಿದ್ದದ್ದು ಸಂಪಾದಕೀಯವಲ್ಲ ಸ್ವಾಮಿ, ಕೊನೆ ಪುಟಗಳ ಚಿಲ್ಲರೆ ಜಾಹೀರಾತು. ಬಾಡಿಗೆಗೆ ಕೋಣೆ, ಹಳೆ ಗಿಟಾರು ಮಾರಾಟಕ್ಕಿದೆ, ಜತೆಗಾರ ಬೇಕು, ಈ ಥರದವು. 1996ರಲ್ಲಿ ಮ್ಯಾನ್‌ಹಟನ್ನಿನಲ್ಲಿ ಪೇಪರನ್ನು ಪುಕ್ಕಟೆ ಮಾಡಿದರು. ಪ್ರತಿ ಹೆಚ್ಚಿದರೆ ಜಾಹೀರಾತು ಹೆಚ್ಚೀತು ಅನ್ನುವ ಎಣಿಕೆ. ಎಣಿಕೆ ತಪ್ಪಿದ್ದು ಬೇರೆ ಕಡೆಯಿಂದ. ಅಷ್ಟರೊಳಗೆ 1995ರಲ್ಲಿ ಕ್ರೇಗ್ಸ್‌ಲಿಸ್ಟ್ ಅನ್ನೋ ಇಂಟರ್ನೆಟ್ ಪಟ್ಟಿ ಹುಟ್ಟಿತ್ತು. ಕೋಣೆ ಬಾಡಿಗೆಯ ಜಾಹೀರಾತನ್ನೇ ಅದು ಪುಕ್ಕಟೆ ಹಾಕತೊಡಗಿತು. ಓದುಗನಿಗೆ ಪುಕ್ಕಟೆ ಕೊಟ್ಟವರನ್ನು ಜಾಹೀರಾತುದಾರನಿಗೆ ಪುಕ್ಕಟೆ ಕೊಟ್ಟವರು ನುಂಗಿದರು! 2017ರ ಸೆಪ್ಟೆಂಬರಿನಲ್ಲಿ ಅಚ್ಚು ನಿಂತಿತು, 2018ರ ಆಗಸ್ಟಿನಲ್ಲಿ ಬಾಗಿಲೇ ಮುಚ್ಚಿತು. 2021ರಲ್ಲಿ ಹೊಸ ಯಜಮಾನರು ಅದೇ ಹೆಸರಿಗೆ ಮತ್ತೆ ಜೀವ ಕೊಟ್ಟರು, ನಿಜ. ಆದರೆ ವಾರವಾರ ಬೀದಿ ಮೂಲೆಯ ಪೆಟ್ಟಿಗೆಯಲ್ಲಿ ಸಿಗುತ್ತಿದ್ದ ದಪ್ಪ ಪೇಪರು ಅದಲ್ಲ.

ನಮ್ಮ ದೇಶದಲ್ಲಿ ಪುಕ್ಕಟೆ ಪೇಪರಿಗೆ ಇನ್ನೊಂದು ತೊಡಕು ಅಂಚೆಯದು. 1898ರ ಅಂಚೆ ಕಾಯ್ದೆ ಪತ್ರಿಕೆಗಳಿಗೆ ಕೆಲವೇ ಪೈಸೆಯ ರಿಯಾಯಿತಿ ದರ ಕೊಟ್ಟಿತ್ತು. ಆದರೆ ನಿಜವಾದ ಚಂದಾದಾರರ ಪಟ್ಟಿ ಇರಲೇಬೇಕು ಅಂತ ಷರತ್ತು. ಪುಕ್ಕಟೆ ಹಂಚುವವನಿಗೆ ಚಂದಾದಾರ ಎಲ್ಲಿಂದ ಬರಬೇಕು? ಆ ಕಾಯ್ದೆ 2024ರವರೆಗೂ ಜಾರಿಯಲ್ಲಿತ್ತು. ಹೀಗಾಗಿ ಪುಕ್ಕಟೆ ಪೇಪರು ಅಂದರೆ ಸೈಕಲ್ ಹುಡುಗ ಮುಟ್ಟುವಷ್ಟು ದೂರದ ಪೇಪರು. ಕ್ಯಾಂಪುಗಳು ಮೈಲುಗಟ್ಟಲೆ ಹರಡಿಕೊಂಡಿರುವ ಬೈಲಕುಪ್ಪೆಗೆ ಇದು ಚಿಕ್ಕ ಮಾತಲ್ಲ.

ಮೈಸೂರಿನ ಹಟಮಾರಿಗಳು

ಮೈಸೂರು ಸೀಮೆಯ ಪತ್ರಿಕೆಯವರು ಹಣದ ವಿಷಯದಲ್ಲಿ ಯಾವತ್ತೂ ಹಟಮಾರಿಗಳೇ. ತಾತಯ್ಯ ಅಂತಲೇ ಹೆಸರಾದ ಎಂ. ವೆಂಕಟಕೃಷ್ಣಯ್ಯ 1908ರಲ್ಲಿ ಸಂಸ್ಥಾನದ ಸರ್ಕಾರ ಪತ್ರಿಕೆಗಳ ಬಾಯಿಕಟ್ಟುವ ಕಾನೂನು ತಂದಾಗ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿ ಕೂತರು. 1970ರಲ್ಲಿ ವರದರಾಜ ಅಯ್ಯಂಗಾರ್ ಶುರು ಮಾಡಿದ ಸಂಸ್ಕೃತ ದಿನಪತ್ರಿಕೆ 'ಸುಧರ್ಮಾ' ಅಂಚೆಯಲ್ಲಿ ಹೋಗುವ ಪುಟ್ಟ ಹಾಳೆ. ಲಾಭದ ಆಸೆಯಿಂದ ಸಂಸ್ಕೃತದಲ್ಲಿ ಪೇಪರು ತೆಗೆಯುವವರು ಯಾರೂ ಇರಲಾರರು. ಅವರ ಮಗ ಸಂಪತ್ ಕುಮಾರ್, ಸೊಸೆ ಜಯಲಕ್ಷ್ಮಿ ಅದನ್ನು ನಡೆಸಿಕೊಂಡು ಬಂದು 2020ರಲ್ಲಿ ಪದ್ಮಶ್ರೀ ಪಡೆದರು. ಮರುವರ್ಷ ಸಂಪತ್ ಕುಮಾರ್ ತೀರಿಕೊಂಡರು.

ಗದಗ ಸೀಮೆಯಿಂದ ಬಂದ ರಾಜಶೇಖರ ಕೋಟಿ 1972ರಲ್ಲಿ ಧಾರವಾಡದಲ್ಲಿ ವಾರಪತ್ರಿಕೆಯಾಗಿ ಶುರು ಮಾಡಿದ 'ಆಂದೋಲನ' ಆಮೇಲೆ ಮೈಸೂರಿಗೆ ಬಂದು ಇಲ್ಲಿಯ ದಿನಪತ್ರಿಕೆಯಾಯಿತು. ಹುಣಸೂರು, ಕೋಟೆ, ಪಿರಿಯಾಪಟ್ಟಣದ ಹಾಡಿಗಳ ಸುದ್ದಿಗೂ ಅಲ್ಲಿ ಜಾಗ ಸಿಕ್ಕಿತು. 2017ರ ನವೆಂಬರಿನಲ್ಲಿ, ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ಒಂದೇ ದಿನ ಉಳಿದಿದ್ದಾಗ ಕೋಟಿ ಹೋಗಿಬಿಟ್ಟರು. ಬೆಂಗಳೂರಿನಲ್ಲಿ ಪಿ. ಲಂಕೇಶ್ 1980ರಲ್ಲಿ ವಾರಪತ್ರಿಕೆ ತೆಗೆದಾಗ ಹಟವನ್ನು ಇನ್ನೂ ಮೇಲಕ್ಕೇರಿಸಿದರು. ಜಾಹೀರಾತೇ ಬೇಡ, ಓದುಗ ಕೊಟ್ಟ ಕಾಸು ಮಾತ್ರ. ಪುಕ್ಕಟೆ ಪೇಪರಿನ ಲೆಕ್ಕವನ್ನು ತಲೆಕೆಳಗು ಮಾಡಿದಂತೆ.

ಇವರೆಲ್ಲ ಆರಿಸಿಕೊಳ್ಳಬಹುದಾಗಿದ್ದವರು. ಓದುಗ ಕೈಗೆ ಸಿಗುತ್ತಿದ್ದ, ಏಜೆಂಟನಿದ್ದ, ರಸೀತಿ ಪುಸ್ತಕವಿತ್ತು. ಓದುಗನೇ ಹಿಮದ ಬೆಟ್ಟದಾಚೆ ಇದ್ದರೆ ಏನು ಮಾಡುವುದು? ಆ ಕಥೆ ಕೇಳಬೇಕಾದರೆ ಬೈಲಕುಪ್ಪೆಯವರ ಹಿಂದಿನ ಪೀಳಿಗೆಗೆ ಹೋಗಬೇಕು.

ಐವತ್ತು ಪ್ರತಿಯ ಕನ್ನಡಿ

ಪಶ್ಚಿಮ ಬಂಗಾಳದ ಬೆಟ್ಟದ ಊರು ಕಾಲಿಂಪಾಂಗ್. ಟಿಬೆಟ್ಟಿನ ಉಣ್ಣೆ ಹೇಸರಗತ್ತೆ ಬೆನ್ನೇರಿ ಜೆಲೆಪ್ ಲಾ ಕಣಿವೆ ದಾಟಿ ಬಂದು ಇಳಿಯುತ್ತಿದ್ದ ಪೇಟೆ. ಅಲ್ಲಿದ್ದವನು ದೋರ್ಜೆ ಥಾರ್ಚಿನ್, ಈಗಿನ ಹಿಮಾಚಲದ ಕಿನ್ನೌರ್ ಸೀಮೆಯ ಪೂ ಅನ್ನೋ ಹಳ್ಳಿಯಲ್ಲಿ 1890ರಲ್ಲಿ ಹುಟ್ಟಿದವನು. ಕ್ರೈಸ್ತ, ಮೇಷ್ಟ್ರ ಕೆಲಸ ಮಾಡಿದವನು, ಮಿಷನ್ನಿನವರ ಜತೆ ದುಡಿದವನು. ಬುದ್ಧನ ನಾಡಿಗೆ ಪೇಪರು ಓದಿಸಿದವನು ಕ್ರೈಸ್ತ ಮೇಷ್ಟ್ರು! ಚರಿತ್ರೆಗೆ ಇಂಥ ತಮಾಷೆ ಇಷ್ಟ.

1925ರ ಅಕ್ಟೋಬರ್ 10ರಂದು ಒಂದು ರೋನಿಯೋ ಯಂತ್ರದಲ್ಲಿ ಐವತ್ತು ಪ್ರತಿ ತೆಗೆದ. ಹೆಸರು ಉದ್ದದ್ದು, 'ಯುಲ್‌ಛೋಕ್ ಸೋಸೋಯಿ ಸರ್‌ಗ್ಯುರ್ ಮೆಲೋಂಗ್'. ಬೇರೆ ಬೇರೆ ಸೀಮೆಗಳ ಸುದ್ದಿಯ ಕನ್ನಡಿ ಅಂತ ಅರ್ಥ. ಜನ ಕರೆದದ್ದು ಬರೀ 'ಮೆಲೋಂಗ್', ಕನ್ನಡಿ. ಅದಕ್ಕೂ ಹಿಂದೆ 1904ರಲ್ಲಿ ಲೇಹ್‌ನಲ್ಲಿ ಮೊರೇವಿಯನ್ ಪಾದ್ರಿ ಫ್ರಾಂಕೆ ಇದೇ ಲಿಪಿಯಲ್ಲಿ ಲಡಾಖಿನವರಿಗೆ ಒಂದು ಪತ್ರಿಕೆ ತೆಗೆದದ್ದುಂಟು. ಆದರೆ ಲಾಸಾ ಮುಟ್ಟಿ, ಹತ್ತಾರು ವರ್ಷ ಬಾಳಿದ್ದು ಮೆಲೋಂಗ್.

ಮೊದಲ ಸಂಚಿಕೆ ಮಾರಾಟಕ್ಕಿಟ್ಟದ್ದಲ್ಲ. ಐವತ್ತರಲ್ಲಿ ಹೆಚ್ಚಿನವು ಲಾಸಾದ ಸ್ನೇಹಿತರಿಗೆ ಹೋದವು. ಒಂದು ಪ್ರತಿ 13ನೇ ದಲೈ ಲಾಮಾ ಅವರಿಗೇ ಹೋಯಿತು. ಅವರು ಓದಿದರು, ಮೆಚ್ಚಿದರು, ಬಿಡದೆ ನಡೆಸು ಅಂತ ಬರೆದರು. ಮೆಚ್ಚುಗೆ ಬಂತು, ಲಾಭ ಮಾತ್ರ ಎಂದೂ ಬರಲಿಲ್ಲ. ಪೇಪರು ಹೊರಡುವುದು ಹೇಸರಗತ್ತೆಯ ಮೇಲೆ ಅಥವಾ ಅಂಚೆಯಲ್ಲಿ, ಬೆಟ್ಟ ಹತ್ತಿ ಇಳಿದು. ಓದುಗ ಅಧಿಕಾರಿ ಇಲ್ಲವೇ ಮಠಾಧಿಪತಿ. ಬಾಕಿ ವಸೂಲಿಗೆ ಅವರ ಮನೆ ಬಾಗಿಲು ತಟ್ಟುವವರು ಯಾರು?

ಒಳಗೇನಿತ್ತು ಅಂದರೆ, ಲೋಕದ ಸುದ್ದಿ, ಯುದ್ಧದ ಸುದ್ದಿ, ನಕ್ಷೆ, ವ್ಯಂಗ್ಯಚಿತ್ರ, ಗಾದೆ. ಎಲ್ಲಕ್ಕಿಂತ ಮುಖ್ಯವಾಗಿ ಉಣ್ಣೆಯ ಧಾರಣೆ. ಹೊಗೆಸೊಪ್ಪಿನ ಹರಾಜಿಗೆ ಕಿವಿ ನೆಟ್ಟು ಕೂರುವ ಪಿರಿಯಾಪಟ್ಟಣದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾರಣೆ ಪ್ರಕಟವಾದರೆ ಪೇಪರು ಬೇಕೇ ಬೇಕು. 1938ರಲ್ಲಿ ಗೆಂಡುನ್ ಛೋಫೆಲ್ ಅನ್ನುವ ವಿದ್ವಾಂಸ ಇದೇ ಪತ್ರಿಕೆಯಲ್ಲಿ ಭೂಮಿ ಗುಂಡಗಿದೆ ಅಂತ ವಾದಿಸಿ ಬರೆದ. ಹಳೆಯ ಶಾಸ್ತ್ರ ಭೂಮಿಯನ್ನು ಚಪ್ಪಟೆ ಅನ್ನುತ್ತಿದ್ದ ಕಾಲ, ಅದನ್ನೇ ನಂಬಿದ್ದ ಓದುಗರು. ಜಾಹೀರಾತುದಾರ ಮುನಿಸಿಕೊಳ್ಳಬಹುದೆಂದು ಅಂಜುವ ಪತ್ರಿಕೆ ಅಂಥದ್ದನ್ನು ಹಾಕುತ್ತಿತ್ತೇ?

ಐದುನೂರು ಪ್ರತಿಯ ಆಸೆ

ಕಥೆಯ ತಿರುಳು ಮುಂದಿದೆ. 1946ರಲ್ಲಿ ಥಾರ್ಚಿನ್ ಮಿಷನ್ನಿನ ಕೆಲಸ ಬಿಟ್ಟು ಸ್ವಂತ ಮುದ್ರಣಾಲಯ ಹಾಕಿದ. ಕೈ ಬಿಗಿಯಿತ್ತು. 1950ರ ದಶಕದಲ್ಲಿ ಚೀನಾದ ಸೇನೆ ಲಾಸಾದಲ್ಲಿ ಕೂತ ಮೇಲೆ ಮೆಲೋಂಗ್ ಚೀನೀಯರ ಕಣ್ಣಿಗೆ ಮುಳ್ಳಾಯಿತು. ಮಧ್ಯಸ್ಥರ ಮೂಲಕ ಹೇಳಿಕಳಿಸಿದರು. ನಮ್ಮ ಮೇಲೆ ಬರೆಯುವುದು ನಿಲ್ಲಿಸು, ಟಿಬೆಟ್ಟಿನಲ್ಲಿ ನಾವು ಮಾಡಿರುವ ಅಭಿವೃದ್ಧಿ ಬರಿ. ಪ್ರತಿ ಸಂಚಿಕೆಯ ಐದುನೂರು ಪ್ರತಿ ನಾವೇ ಕೊಳ್ಳುತ್ತೇವೆ, ನಿನಗೆ ನಷ್ಟವಾಗದಂತೆ ನೋಡಿಕೊಳ್ಳುತ್ತೇವೆ ಅಂತ.

ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಿಲ್ಲಿಸು ಅಂದವರು ಯಂತ್ರ ಮುರಿಯುತ್ತೇವೆ ಅನ್ನಲಿಲ್ಲ. ಪೇಪರು ಬರಲಿ, ಸದ್ಯಕ್ಕಿಂತ ಹೆಚ್ಚು ಬರಲಿ ಅಂದರು. ಐದುನೂರು ಪ್ರತಿ ಒಬ್ಬನೇ ಕೊಂಡರೆ ಓದುಗನಿಗೆ ಅದು ಪುಕ್ಕಟೆಯೇ ಸಿಗುತ್ತಿತ್ತು. ಬೆಟ್ಟದಾಚೆಯ ಬಡ ಓದುಗನಿಗೆ ಲಾಭವೇ ಅಲ್ಲವೇ? ಜೀವನವಿಡೀ ಸಾಲದ ಲೆಕ್ಕ ಬರೆದ ಸಂಪಾದಕನಿಗೆ ಒಂದು ರಾತ್ರಿಯಾದರೂ ನಿದ್ದೆ ಕೆಟ್ಟಿರಬೇಕು. ಥಾರ್ಚಿನ್ ಒಲ್ಲೆ ಅಂದ. 1959ರಲ್ಲಿ ಲಾಸಾ ದಂಗೆಯೆದ್ದಾಗ ಮೆಲೋಂಗ್ ಟಿಬೆಟ್ಟಿನ ಸ್ವಾತಂತ್ರ್ಯದ ಪರವಾಗಿ ದನಿಯೆತ್ತಿತು. 1963ರಲ್ಲಿ ನಿಂತುಹೋಯಿತು. ಉಣ್ಣೆಯ ದಾರಿ ಮುಚ್ಚಿತ್ತು, ಓದುಗರು ಒಂದೋ ಚೀನಾದ ಕೈಯಲ್ಲಿದ್ದರು, ಇಲ್ಲವೇ ನಿರಾಶ್ರಿತರಾಗಿ ಚದುರಿದ್ದರು. ಥಾರ್ಚಿನ್ 1976ರಲ್ಲಿ ತೀರಿಕೊಂಡ.

ಆ ಚದುರಿದ ಜನರೇ ಬೈಲಕುಪ್ಪೆಗೆ ಬಂದದ್ದು. 1960ರಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡಿನಲ್ಲಿ ಮೊದಲ ನೆಲೆ ಲುಗ್ಸುಮ್ ಸಮ್‌ಡುಪ್ಲಿಂಗ್ ಎದ್ದಿತು. ಆನೆ ಓಡಿಸುತ್ತ, ಕಾಡು ಕಡಿಯುತ್ತ ಮುಸುಕಿನ ಜೋಳ ಬಿತ್ತಿದರು. ಮೆಲೋಂಗ್ ಉಸಿರು ಬಿಟ್ಟ 1963ರಲ್ಲೇ ಪೆನೋರ್ ರಿಂಪೋಚೆ ಇಲ್ಲಿ ನಾಮ್‌ಡ್ರೋಲಿಂಗ್ ಮಠಕ್ಕೆ ಅಡಿಪಾಯ ಹಾಕಿದರು. 1969ರಲ್ಲಿ ಎರಡನೇ ನೆಲೆ ಡಿಕ್ಕಿ ಲಾರ್ಸೋ, 1970ರಲ್ಲಿ ಸೇರಾ ಮಠ. ಪ್ರವಾಸಿಗಳು ಮುಗಿಬೀಳುವ ಚಿನ್ನದ ದೇಗುಲ ತೆರೆದದ್ದು 1999ರಲ್ಲಿ.

ರೇಡಿಯೋ ಬಂತು, ಹೋಯಿತು

ಪೇಪರು ಹೋದ ಮೇಲೆ ಕ್ಯಾಂಪಿಗೆ ಪುಕ್ಕಟೆ ಸುದ್ದಿ ತಂದದ್ದು ರೇಡಿಯೋ. ವಾಯ್ಸ್ ಆಫ್ ಅಮೆರಿಕದ ಟಿಬೆಟನ್ ಪ್ರಸಾರ 1991ರಲ್ಲಿ, ರೇಡಿಯೋ ಫ್ರೀ ಏಷ್ಯಾದ್ದು 1996ರಲ್ಲಿ ಶುರುವಾದವು. ಚಂದಾ ಇಲ್ಲ, ಜಾಹೀರಾತಿಲ್ಲ, ಸೆಲ್ ಹಾಕಿ ಕಿವಿ ತಿರುವಿದರೆ ಸಾಕು. ಕಾಸು ಅಮೆರಿಕ ಸರ್ಕಾರದ್ದು. ಅದು ದಾನವೇ ಅಂತ ಕೇಳಿದವರು ನಂಬುತ್ತ ಬಂದರು. 2025ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ಆದೇಶ ಹೊರಟಿತು. ಹಣಕ್ಕೆ ತಡೆ ಬಿತ್ತು, ಸಿಬ್ಬಂದಿ ಮನೆಗೆ ಹೋದರು, ಎರಡೂ ಕೇಂದ್ರಗಳ ಟಿಬೆಟನ್ ಪ್ರಸಾರಕ್ಕೆ ಹೊಡೆತ ಬಿತ್ತು. ಕೇಳುಗರು ಅರ್ಜಿ ಹಾಕೋಣ ಅಂದರೆ ಯಾರಿಗೆ ಹಾಕುವುದು? ಚಂದಾ ಕೊಟ್ಟಿದ್ದರೆ ಕೊನೇಪಕ್ಷ ರಸೀತಿ ಹಿಡಿದು ಜಗಳಕ್ಕೆ ಹೋಗಬಹುದಿತ್ತು.

ಇನ್ನು ಊರ ಸುದ್ದಿಯ ಗತಿ. ಬೈಲಕುಪ್ಪೆ ಮೈಸೂರು ಜಿಲ್ಲೆಯ ತುದಿ. ಕೊಪ್ಪದ ಸೇತುವೆ ದಾಟಿ ಕಾವೇರಿಯ ಆಚೆ ಕಾಲಿಟ್ಟರೆ ಕುಶಾಲನಗರ, ಕೊಡಗು. ಮಡಿಕೇರಿಯ 'ಶಕ್ತಿ' 1957ರಿಂದ ಕೊಡಗಿನ ಎಲೆ ಅಲ್ಲಾಡಿದರೂ ಬರೆಯುತ್ತ ಬಂದಿದೆ. ಮೈಸೂರಿನ ಪತ್ರಿಕೆಗಳಿಗೆ ಬೈಲಕುಪ್ಪೆ ದೂರದ ನೆಂಟ, ಲೋಸಾರ್ ಹಬ್ಬಕ್ಕೆ ಫೋಟೋ, ದಲೈ ಲಾಮಾ ಬಂದರೆ ಮುಖಪುಟ. ಉಳಿದ ದಿನ? ಸಂತೆಗೆ ಹೋಗೋದು ಕುಶಾಲನಗರಕ್ಕೆ, ತಾಲ್ಲೂಕು ಕಚೇರಿಗೆ ಪಿರಿಯಾಪಟ್ಟಣಕ್ಕೆ. ಎರಡು ಜಿಲ್ಲೆಯ ಪುಟಗಳ ನಡುವಿನ ಮಡಿಕೆಯಲ್ಲಿ ಊರು ಕೂತಿದೆ.

ಅದರಿಂದ ಏನು ಹಾನಿ ಅಂದರೆ 2012ರ ಆಗಸ್ಟ್ ನೆನೆಯಬೇಕು. ಈಶಾನ್ಯ ರಾಜ್ಯದವರ ಮೇಲೆ ಹಲ್ಲೆಯಾಗಲಿದೆ ಅಂತ ಮೊಬೈಲಿನಲ್ಲಿ ಗಾಳಿಸುದ್ದಿ ಹಬ್ಬಿತು. ಬೆಂಗಳೂರಿನಿಂದ ಗುವಾಹಟಿಗೆ ರೈಲುಗಟ್ಟಲೆ ಜನ ಹೊರಟರು. ಆ ದಿನಗಳಲ್ಲೇ ಮೈಸೂರಿನಲ್ಲಿ ಒಬ್ಬ ಟಿಬೆಟನ್ ವಿದ್ಯಾರ್ಥಿಗೆ ಚಾಕು ಹಾಕಿದರು, ಈಶಾನ್ಯದವನೆಂದು ತಿಳಿದು ಅಂತ ವರದಿಯಾಯಿತು. ಗುಂಪು ಸಂದೇಶಗಳಿಗೆ ಕೇಂದ್ರ ಸರ್ಕಾರ ತಡೆ ಹಾಕಬೇಕಾಯಿತು. ಆ ಗಾಳಿಸುದ್ದಿಯೂ ಪುಕ್ಕಟೆಯೇ ಬಂದದ್ದು. ಕಾಸು ಕೊಟ್ಟವರಾರು, ಬರೆದವರಾರು ಅಂತ ಕೇಳಲು ಕೊನೇ ಪುಟದ ಕೆಳಗೆ ಸಂಪಾದಕನ ಹೆಸರು ಇರಲಿಲ್ಲ. ಕ್ಯಾಂಪಿನವರೂ ಹಳ್ಳಿಯವರೂ ಗುರುತು ಹಿಡಿಯುವ ಒಂದು ಊರ ಪೇಪರು ಇದ್ದಿದ್ದರೆ 'ಇದು ಸುಳ್ಳು, ಇಲ್ಲೇನೂ ಆಗಿಲ್ಲ' ಅನ್ನುವ ನಾಲ್ಕು ಸಾಲಾದರೂ ಎರಡು ಲಿಪಿಯಲ್ಲಿ ಬರುತ್ತಿತ್ತು.

ಯಾರ ಜಾಹೀರಾತು?

ಹಾಗಾದರೆ ಪುಕ್ಕಟೆ ವಾರಪತ್ರಿಕೆಯೇ ಆಗಲಿ ಅನ್ನುವವರು ಇದ್ದಾರೆ. ಜಾಹೀರಾತು ಕೊಡೋರು ಯಾರು ಅಂತ ಎಣಿಸಿದರೆ ಹೋಂಸ್ಟೇ, ರೆಸಾರ್ಟು, ದೇಗುಲದ ಸುತ್ತಲಿನ ಹೋಟೆಲು, ನಿವೇಶನ ಮಾರುವವರು, ಗೊಬ್ಬರದ ಅಂಗಡಿ. ಅವರ ಕಾಸಿನಲ್ಲಿ ನಡೆಯುವ ಪೇಪರು ಪ್ರವಾಸಿಗೆ ದಾರಿ ತೋರಿಸುತ್ತದೆ, ಸಂತೋಷ. ರಜಾ ದಿನ ವಾಹನ ತುಂಬಿ ಕ್ಯಾಂಪಿನ ಮುದುಕಿ ರಸ್ತೆ ದಾಟಲಾರದೆ ನಿಂತದ್ದು, ಕಸ ಎಲ್ಲಿಗೆ ಹೋಗುತ್ತದೆ ಅನ್ನುವುದು, ಕಳಪೆ ಗೊಬ್ಬರ ಹಾಕಿದ ರೈತನ ಹೊಗೆಸೊಪ್ಪು ಬ್ಯಾರನ್ನಿಗೆ ಬಂದಾಗ ಏನಾಯಿತು ಅನ್ನುವುದು ಬರುತ್ತದೆಯೇ? ಬರಬಹುದು, ಸಂಪಾದಕ ಥಾರ್ಚಿನ್‌ನಂಥವನಾದರೆ. ಅಂಥವರು ಎಲ್ಲ ಊರಲ್ಲೂ ಹುಟ್ಟುವುದಿಲ್ಲ.

ಚಂದಾ ಇಟ್ಟರೆ ಕೊಳ್ಳುವವರು ಕಡಿಮೆ. ಕ್ಯಾಂಪಿನ ಹುಡುಗರು ಸ್ವೆಟರ್ ವ್ಯಾಪಾರಕ್ಕೆ ಚಳಿಗಾಲದಲ್ಲಿ ಊರೂರಿಗೆ ಹೋಗುತ್ತಾರೆ, ಹಲವರು ವಿದೇಶಕ್ಕೇ ಹೋಗಿಬಿಟ್ಟಿದ್ದಾರೆ. ಉಳಿದ ಹಿರಿಯರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಹಳ್ಳಿಯವರಿಗೆ ಟಿಬೆಟನ್ 'ತಾಶಿ ದೆಲೆ'ಗಿಂತ ಮುಂದೆ ಹೋಗುವುದಿಲ್ಲ. ಆದ್ದರಿಂದ ಎರಡು ಲಿಪಿಯ ಅಚ್ಚಿನ ಖರ್ಚು, ಒಂದು ಲಿಪಿಯ ಓದುಗರು. ಪೂರಾ ಪುಕ್ಕಟೆಯ ಬದಲು ಟೀ ಅಂಗಡಿಗೊಂದು, ಮಠಕ್ಕೊಂದು, ಗ್ರಾಮ ಪಂಚಾಯ್ತಿಗೊಂದು ಪ್ರತಿ ಕಾಸಿಗೆ ಮಾರಿ, ಓದುವವರಿಗೆ ಮಾತ್ರ ಪುಕ್ಕಟೆಯಾಗುವ ಹಳೇ ಹೋಟೆಲ್ ಪದ್ಧತಿಯೇ ಇಲ್ಲಿಗೆ ಹೊಂದೀತು. ಆಗ ಬೇಡ ಅನ್ನುವ ಹಕ್ಕು ಹತ್ತಿಪ್ಪತ್ತು ಜನರ ಕೈಲಾದರೂ ಉಳಿಯುತ್ತದೆ.

ಮೆಲೋಂಗ್‌ನ ಹಳೇ ಸಂಚಿಕೆಗಳು ಏನಾದವು ಅಂತ ಕೇಳುವವರಿಗೆ ಒಂದು ಸುದ್ದಿ. ಥಾರ್ಚಿನ್‌ನ ಕಾಗದಪತ್ರಗಳ ದೊಡ್ಡ ಗಂಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದೆ. ಪತ್ರಿಕೆಯ ಸಂಚಿಕೆಗಳನ್ನು ಅವರು ಕಂಪ್ಯೂಟರಿಗೆ ಏರಿಸಿದ್ದಾರೆ. ಸೇರಾ ಮಠದ ಎಳೆ ಲಾಮಾ ಮೊಬೈಲ್ ತೆರೆದು ಉಣ್ಣೆಯ ಹಳೇ ಧಾರಣೆ ಓದಬಹುದು.